ಯುದ್ಧದಿಂದ ಮರಳಿದವರೂ ಸಭೆಯೂ

ರಣರಂಗದಲ್ಲಿ ಯುದ್ಧ ನಿಂತರೂ ಯೋಧನ ಅಂತರಂಗದಲ್ಲಿ ಅದು ನಿಲ್ಲದೆಂಬುದನ್ನು ಸಭೆಯು ಹಿಂದೆಯೇ ಅರಿತಿತ್ತು. 4ನೇ ಶತಮಾನದಲ್ಲಿ ಕೈಸರೈಯದ ಬೆಸಿಲನು, ಯುದ್ಧದಲ್ಲಿ ಕೊಂದವರನ್ನು ನರಹಂತಕರೆಂದು ಎಣಿಸದಿದ್ದರೂ, ಅವರು ಮೂರು ವರ್ಷ ಪ್ರಭುಭೋಜನದಿಂದ ದೂರವಿರುವುದು ಒಳಿತೆಂದು ಸೂಚಿಸಿದನು. 1066ರ ಹೇಸ್ಟಿಂಗ್ಸ್ ಕದನದ ಬಳಿಕ ನಾರ್ಮನ್ ಬಿಷಪರು ಗೆದ್ದುಬಂದ ತಮ್ಮವರಿಗೇ, ಕೊಂದ ಒಬ್ಬೊಬ್ಬನಿಗಾಗಿ ಒಂದೊಂದು ವರ್ಷದ ಪ್ರಾಯಶ್ಚಿತ್ತವನ್ನು ವಿಧಿಸಿದರು. ಎಷ್ಟು ಮಂದಿಯನ್ನು ಕೊಂದೆನೆಂದು ತಿಳಿಯದವನು ಜೀವಮಾನವಿಡೀ ವಾರಕ್ಕೊಂದು ದಿನ ಅದನ್ನು ಆಚರಿಸಬೇಕಿತ್ತು. ವಿಧಿಯು ಕಠಿಣವಾದರೂ ಮರಳುವ ದಾರಿಯನ್ನು ತೋರಿಸಿತು.

ಮೊದಲನೆಯ ಮಹಾಯುದ್ಧದಲ್ಲಿ ಆ ದಾರಿ ಕಾಣದಾಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಸೈನಿಕರ 'ಷೆಲ್ ಶಾಕ್' ಕುರಿತು ಬರೆದರು. ಆದರೂ ಪಲಾಯನ, ಹೇಡಿತನಗಳ ಆರೋಪದಲ್ಲಿ ಗುಂಡಿಗೆ ಬಲಿಯಾದವರಲ್ಲಿ ಅಂತಹ ಪೀಡಿತರೂ ಇದ್ದರು. ಹೀಗೆ ಮಡಿದ 306 ಮಂದಿಗೆ ಬ್ರಿಟನ್ ಕ್ಷಮಾದಾನವಿತ್ತದ್ದು 2006ರಲ್ಲಿ. ಅಮೆರಿಕದ ಮನೋವೈದ್ಯರು 'ಆಘಾತೋತ್ತರ ಒತ್ತಡದ ವ್ಯಾಧಿ'ಯನ್ನು ತಮ್ಮ ಅಧಿಕೃತ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ.

ಈ ವ್ಯಾಧಿಯು ಪಾಪವಲ್ಲ, ಅಪನಂಬಿಕೆಯ ಫಲವೂ ಅಲ್ಲ. ಆದುದರಿಂದ ನಾವು ಬೆಸಿಲನ ದಂಡನೆಯನ್ನು ಮತ್ತೆ ತರಬೇಕಿಲ್ಲ. ಪೀಡಿತನನ್ನು ವೈದ್ಯರ ಬಳಿಗೆ ಕರೆದೊಯ್ಯುವುದೂ ಪಾಲನಾಸೇವೆಯೇ. ಆದರೆ ಮನಸ್ಸಾಕ್ಷಿಯ ಭಾರವನ್ನು ಔಷಧವೊಂದೇ ಇಳಿಸದು, 'ವೀರ'ನೆಂಬ ಹೊಗಳಿಕೆಯೂ ಇಳಿಸದು. ಅವನ ಪ್ರಲಾಪವನ್ನು ತೀರ್ಪಿಡದೆ ಆಲಿಸಿ, ಪ್ರಭುವಿನ ಮೇಜಿನವರೆಗೆ ಅವನೊಡನೆ ನಡೆಯುವುದು ನಮ್ಮ ಹೊಣೆ.