ಕೋಲಾರದ ಎಲೆಮೂಗಿನ ಬಾವಲಿ: ನೆಲೆ ಉಳಿಸುವ ಕೆಲಸದಲ್ಲಿ ಸ್ವಯಂಸೇವಕರ ಪಾತ್ರ

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗ್ರಾನೈಟ್ ಗುಹೆಗಳ ಹೊರತು ಜಗತ್ತಿನ ಬೇರಾವ ಕಡೆಯಲ್ಲೂ ಇಂದು ಇರುವುದು ಖಚಿತಪಡದ ಪುಟ್ಟ ಸಸ್ತನಿಯೊಂದಿದೆ. ಅದೇ ಕೋಲಾರ ಎಲೆಮೂಗಿನ ಬಾವಲಿ (ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್). ಡೀಟರ್ ಕಾಕ್ ಹಾಗೂ ಎಚ್.ಆರ್. ಭಟ್ ಅವರು 1994ರಲ್ಲಿ ಇದನ್ನು ಪ್ರತ್ಯೇಕ ಪ್ರಭೇದವೆಂದು ವಿವರಿಸಿದರು. ಹಿಂದೆ ತೇರಹಳ್ಳಿಯಲ್ಲೂ ಇದ್ದ ಈ ಬಾವಲಿ ನಂತರದ ಸಮೀಕ್ಷೆಗಳಲ್ಲಿ ಅಲ್ಲಿ ಸಿಗಲಿಲ್ಲ. ಒಟ್ಟು ಸಂಖ್ಯೆ 200ಕ್ಕೂ ಕಡಿಮೆ ಎಂಬುದು ಅಂದಾಜು. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2016ರಲ್ಲಿ ಇದನ್ನು 'ತೀವ್ರ ಅಳಿವಿನಂಚಿನಲ್ಲಿರುವ' ಪ್ರಭೇದವೆಂದು ಗುರುತಿಸಿದೆ.

ಎಲೆಯಾಕಾರದ ಮೂಗಿನ ಮೂಲಕ ಶ್ರವಣಾತೀತ ಧ್ವನಿ ಹೊರಡಿಸಿ, ಅದರ ಮರುದನಿಯಿಂದ ಕೀಟಗಳನ್ನು ಪತ್ತೆ ಹಚ್ಚುವುದು ಈ ಗುಂಪಿನ ಬಾವಲಿಗಳ ಕ್ರಮ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಒಮ್ಮೆ ಕುಸಿದ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಇವುಗಳಿಗೆ ದೊಡ್ಡ ಅಪಾಯ ಕಲ್ಲು ಗಣಿಗಾರಿಕೆಯದು. ಗುಹೆಗಳ ಸುತ್ತಲಿನ ಸುಮಾರು 30 ಎಕರೆ ಪ್ರದೇಶವನ್ನು ರಾಜ್ಯ ಅರಣ್ಯ ಇಲಾಖೆ ಸಂರಕ್ಷಿತವೆಂದು ಘೋಷಿಸಿದ್ದು, ಬೆಂಗಳೂರಿನ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಇಲಾಖೆಯೊಡನೆ ಅಧ್ಯಯನದಲ್ಲಿ ತೊಡಗಿದೆ. ಬಂಡೆ ಒಡೆದರೆ ಗುಹೆಯನ್ನು ಮತ್ತೆ ಕಟ್ಟಲಾಗದು. ಗಿಡ ನೆಟ್ಟಂತಲ್ಲ ಇದು.

ಆದ್ದರಿಂದ ಸ್ವಯಂಸೇವಕರು ಪಾಲಿಸಬೇಕಾದ ಮೊದಲ ನಿಯಮ ಗುಹೆಯೊಳಗೆ ಹೋಗದಿರುವುದು. ಟಾರ್ಚ್ ಬೆಳಕು, ಹೊಗೆ, ಮೊಬೈಲ್ ಚಿತ್ರಗಳ ಹುಚ್ಚು ಇವೆಲ್ಲ ಮರಿಯಿರುವ ತಾಯಂದಿರನ್ನು ಕಂಗೆಡಿಸುತ್ತವೆ. ಕೈತುಂಬ ಕೆಲಸವಿರುವುದು ಹೊರಗೆ. ಬಾವಲಿಗೆ ಆಹಾರ ಒದಗಿಸುವುದು ಸುತ್ತಲಿನ ಕುರುಚಲು ಕಾಡು ಮತ್ತು ಕೆರೆಯಂಗಳ. ಈ ಬಯಲುಸೀಮೆಯ ಜೌಗು ಪ್ರದೇಶವೆಂದರೆ ಕೆರೆಯ ಅಂಚೇ. ಅಲ್ಲಿನ ಜಾಲಿ, ಲಂಟಾನ ತೆಗೆದು, ಹುಲ್ಲು ಹಾಗೂ ಸ್ಥಳೀಯ ಮರಗಳಿಗೆ ಜಾಗ ಬಿಟ್ಟರೆ ಕೀಟಗಳು ಮರಳುತ್ತವೆ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆಯಾದರೂ ಹಳೆಯ ತೋಪುಗಳು ಈ ಭಾಗದಲ್ಲಿ ಇನ್ನೂ ಇವೆ. ಕೆರೆಯಂಚಿನ ಹೊಲಗಳಲ್ಲಿ ಕೀಟನಾಶಕ ತಗ್ಗಿಸುವಂತೆ ರೈತರ ಮನವೊಲಿಸುವುದು ಇದಕ್ಕಿಂತ ಕಷ್ಟದ ಕೆಲಸ, ಫಲವೂ ಹೆಚ್ಚು.

2007ರವರೆಗೆ ಕೋಲಾರ ಜಿಲ್ಲೆಯ ಭಾಗವೇ ಆಗಿದ್ದ ಚಿಕ್ಕಬಳ್ಳಾಪುರದಲ್ಲೂ ಇಂಥದೇ ಬಂಡೆಗಳಿವೆ, ಕ್ವಾರಿಗಳಿವೆ. ಪೆರೇಸಂದ್ರ ಸಮೀಪದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರುವರಿಯಲ್ಲಿ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಮೃತಪಟ್ಟಿದ್ದನ್ನು ಓದುಗರು ಮರೆತಿರಲಾರರು. ಇಲ್ಲಿನ ಬೆಟ್ಟಗಳ ಬಿರುಕುಗಳಲ್ಲಿ ಯಾವ ಬಾವಲಿಗಳಿವೆ ಎಂಬುದನ್ನು ಕ್ವಾರಿಗೆ ಪರವಾನಗಿ ನೀಡುವ ಮೊದಲೇ ನೋಡಬೇಕು. ಮುಸ್ಸಂಜೆ ಗುಹೆಯ ಹೊರಗೆ ಕುಳಿತು ಶ್ರವಣಾತೀತ ಧ್ವನಿಗ್ರಾಹಕದಿಂದ ಕೂಗನ್ನು ದಾಖಲಿಸುವುದನ್ನು ತಜ್ಞರ ಮಾರ್ಗದರ್ಶನದಲ್ಲಿ ಕಾಲೇಜು ವಿದ್ಯಾರ್ಥಿಗಳೂ ಕಲಿಯಬಹುದು. ಸಂರಕ್ಷಿತ ಪ್ರದೇಶದಲ್ಲಿ ಯಾವುದೇ ಕೆಲಸಕ್ಕೆ ತೊಡಗುವ ಮುನ್ನ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಪಡೆದಿರಬೇಕು.