ನೀರಿನಲ್ಲಿ ತೂಗಿದ ದೇಹ

ಜೀವಂತ ದೇಹದಲ್ಲಿ ಕೊಬ್ಬಿನ ಪಾಲು ಎಷ್ಟೆಂಬುದನ್ನು ನೇರವಾಗಿ ಅಳೆಯುವ ಉಪಾಯವಿಲ್ಲ. ಬೇರೆ ಏನನ್ನೋ ಅಳೆದು ಅದರಿಂದ ಕೊಬ್ಬನ್ನು ಲೆಕ್ಕ ಹಾಕುವುದೊಂದೇ ದಾರಿ. ಈ ದಾರಿಯನ್ನು ಮೊದಲು ಗಟ್ಟಿಗೊಳಿಸಿದವನು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ. ಸಾರಜನಕವು ನೀರಿಗಿಂತ ಕೊಬ್ಬಿನಲ್ಲಿ ಸುಮಾರು 5 ಪಟ್ಟು ಹೆಚ್ಚು ಕರಗುವುದರಿಂದ, ಕಡಲಾಳದಿಂದ ಮೇಲೇರುವ ಮುಳುಗುಗಾರರಿಗೆ ತಟ್ಟುವ ಅಪಾಯವನ್ನು ಅರಿಯಲು ಅವನಿಗೆ ಕೊಬ್ಬಿನ ಲೆಕ್ಕ ಬೇಕಾಗಿತ್ತು. ಮನುಷ್ಯನನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಪೂರ್ತಿ ಮುಳುಗಿಸಿ ಇನ್ನೊಮ್ಮೆ ತೂಗಿದರೆ ಆರ್ಕಿಮಿಡೀಸನ ನಿಯಮದಂತೆ ದೇಹದ ಗಾತ್ರವೂ, ಅದರಿಂದ ಸಾಂದ್ರತೆಯೂ, ಅಂದರೆ ನಿರ್ದಿಷ್ಟ ಗಾತ್ರದಲ್ಲಿ ಅಡಗಿರುವ ತೂಕವೂ, ದೊರೆಯುತ್ತದೆ. 1942ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಹೀಗೆ ತೂಗಿದಾಗ, ಎತ್ತರ-ತೂಕದ ಕೋಷ್ಟಕವು ಅತಿತೂಕದವರೆಂದು ಸೈನ್ಯಕ್ಕೆ ಅನರ್ಹಗೊಳಿಸುವಂಥವರಲ್ಲಿ ಹಲವರ ಮೈಯಲ್ಲಿ ತುಂಬಿದ್ದದ್ದು ಕೊಬ್ಬಲ್ಲ, ಸ್ನಾಯು ಎಂಬುದು ತಿಳಿದುಬಂತು.

ಸಾಂದ್ರತೆಯನ್ನು ಕೊಬ್ಬಿನ ಶೇಕಡಾವಾರಿಗೆ ಇಳಿಸುವ ಸೂತ್ರವನ್ನು ವಿಲಿಯಂ ಸಿರಿ ರೂಪಿಸಿದನು: 495ನ್ನು ಸಾಂದ್ರತೆಯಿಂದ ಭಾಗಿಸಿ, ಬಂದದ್ದರಿಂದ 450ನ್ನು ಕಳೆಯಬೇಕು. ಕೊಬ್ಬಿನ ಸಾಂದ್ರತೆ 0.9, ಉಳಿದ ದೇಹದ್ದು 1.1 ಎಂಬುದೇ ಇದರ ತಳಹದಿ. ಆದರೆ ಮೂಳೆಯ ಗಟ್ಟಿತನವೂ ನೀರಿನ ಅಂಶವೂ ಎಲ್ಲರಲ್ಲಿ ಒಂದೇ ಆಗಿರುವುದಿಲ್ಲ, ವಯಸ್ಸಿನೊಂದಿಗೆ ಬದಲಾಗುತ್ತವೆ. ಸಾಂದ್ರತೆ 1.05 ಇದ್ದರೆ ಉತ್ತರ ಶೇ. 21, 1.06 ಇದ್ದರೆ ಶೇ. 17; ಇಷ್ಟು ಸಣ್ಣ ಅಂತರವು ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯನ್ನು ತಪ್ಪಾಗಿ ಎಣಿಸಿದರೂ ಬಂದೀತು. ಇಷ್ಟಿದ್ದೂ ಬಹುಕಾಲ ನೀರಿನ ತೂಕವೇ ಉಳಿದೆಲ್ಲ ವಿಧಾನಗಳ ಒರೆಗಲ್ಲಾಯಿತು. 1974ರಲ್ಲಿ ಡರ್ನಿನ್ ಮತ್ತು ವೊಮರ್ಸ್ಲಿ 481 ಜನರ ತೋಳು, ಬೆನ್ನು, ಸೊಂಟಗಳ 4 ಕಡೆ ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಿಂದ ಹಿಡಿದು ಅಳೆದು ರೂಪಿಸಿದ ಸಮೀಕರಣಗಳನ್ನು ಇದೇ ಒರೆಗಲ್ಲಿಗೆ ತಿಕ್ಕಲಾಗಿತ್ತಾದ್ದರಿಂದ, ಅದರ ದೋಷವೂ ಅವಕ್ಕೆ ಅಂಟಿಕೊಂಡಿತು. ಮುಂದೆ ಬಂದ, ಮೈಯೊಳಗೆ ಸಣ್ಣ ವಿದ್ಯುತ್ ಹರಿಸುವ ತಕ್ಕಡಿಗಳು ಅಳೆಯುವುದು ವಿದ್ಯುತ್ತಿಗೆ ದೇಹ ಒಡ್ಡುವ ತಡೆಯನ್ನು. ನೀರು ಕುಡಿದರೂ ಬೆವರಿದರೂ ಅವುಗಳ ಉತ್ತರ ಕದಲುತ್ತದೆ. ಎರಡು ಶಕ್ತಿಯ ಎಕ್ಸ್-ಕಿರಣಗಳಿಂದ ಮೂಳೆ, ಕೊಬ್ಬು, ಉಳಿದ ಮೃದು ಅಂಗಾಂಶಗಳನ್ನು ಬೇರ್ಪಡಿಸುವ ಡೆಕ್ಸಾ ಇವುಗಳಿಗಿಂತ ನಂಬಲರ್ಹವಾದರೂ, ಯಂತ್ರ ಬದಲಾದರೆ ಅಂಕಿಯೂ ಬದಲಾಗಬಹುದು.

ಬೆಂಕೆಯ ಆಟಗಾರರಲ್ಲಿ ಕಂಡ ಪಾಠದ ಇನ್ನೊಂದು ಮುಖವನ್ನು ಭಾರತವೇ ತೋರಿಸಿತು: 2004ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ ತಮ್ಮನ್ನೇ ಉದಾಹರಣೆಯಾಗಿ ಮುಂದಿಟ್ಟಾಗ, ಎತ್ತರಕ್ಕೆ ತೂಕವನ್ನು ಹೋಲಿಸುವ ದೇಹ ತೂಕ ಸೂಚ್ಯಂಕ ಇಬ್ಬರದೂ 22.3 ಆಗಿತ್ತು, ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2 ಇತ್ತು.