ಅಪ್‌ಡೇಟ್ ಆದ ಮೇಲೆ ಉಬುಂಟು ತೆರೆಯುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

“ಲಿನಕ್ಸ್ ಅಪ್‌ಡೇಟ್ ಮಾಡಿದರೆ ಕಂಪ್ಯೂಟರ್ ಕೆಟ್ಟು ಹೋಗುತ್ತದೆ, ಆಮೇಲೆ ಫಾರ್ಮ್ಯಾಟ್ ಒಂದೇ ದಾರಿ” ಎಂಬ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಪರದೆ ಕಪ್ಪಾಗಿಯೇ ಉಳಿಯುವುದು ನಿಜ. ಫಾರ್ಮ್ಯಾಟ್ ಒಂದೇ ದಾರಿ ಎನ್ನುವುದು ಮಾತ್ರ ಸುಳ್ಳು.

ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಟಾಲ್ಪ್ ತರಬೇತಿಯಲ್ಲಿ ಕಲಿಸಿದ್ದು ಉಬುಂಟು. ಅದು ಲಿನಕ್ಸ್‌ನದೇ ಒಂದು ರೂಪ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಶಾಲೆಯೊಂದರಲ್ಲಿ ಹೀಗಾದರೆ ಕಂಪ್ಯೂಟರ್ ಹೊತ್ತು ಕಲಬುರಗಿ ಬಸ್ ಹತ್ತಬೇಕು. ಅಲ್ಲಿ ಯಾರಾದರೂ ಫಾರ್ಮ್ಯಾಟ್ ಮಾಡಿದರೆ ಮಕ್ಕಳ ಅಂಕಪಟ್ಟಿಯೂ ಅಳಿಸಿಹೋಗುತ್ತದೆ. ಎರಡೂ ಬೇಕಿಲ್ಲ.

ಕರ್ನಲ್ ಎಂದರೆ ಯಂತ್ರಕ್ಕೂ ನೀವು ಬಳಸುವ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡಿಸುವ ಭಾಗ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಕರ್ನಲ್ಲೇ ನಿಮ್ಮ ಆಂಡ್ರಾಯ್ಡ್ ಫೋನಿನೊಳಗೂ ಇದೆ. ಉಬುಂಟು ಹೊಸ ಕರ್ನಲ್ ಹಾಕಿದಾಗ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ, ಪಕ್ಕದಲ್ಲೇ ಇಟ್ಟಿರುತ್ತದೆ. ನಿಮ್ಮ ಕಡತಗಳಿರುವ ಜಾಗವೇ ಬೇರೆ.

ಹಾಗಾಗಿ ಮೊದಲು ಹಳೆಯ ಕರ್ನಲ್‌ನಿಂದ ಯಂತ್ರ ಎಬ್ಬಿಸಿ. ಆನ್ ಮಾಡಿದ ತಕ್ಷಣ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಹೊಸ ಯಂತ್ರವಾದರೆ ಎಸ್ಕೇಪ್ ಕೀಯನ್ನು ಒಮ್ಮೆ ಒತ್ತಿ. (ಗಾಬರಿಯಲ್ಲಿ ಹತ್ತು ಸಲ ಒತ್ತಿದರೆ ‘ಗ್ರಬ್’ ಎಂಬ ಬರಿ ಪರದೆ ಬರುತ್ತದೆ. ಆಫ್ ಮಾಡಿ ಮತ್ತೆ ಶುರುಮಾಡಿ.) ಬರುವ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್ ಫಾರ್ ಉಬುಂಟು’ ಆರಿಸಿ. ಒಳಗೆ ಕರ್ನಲ್‌ಗಳು ಸಂಖ್ಯೆಯ ಸಮೇತ ಇರುತ್ತವೆ. ‘ರಿಕವರಿ ಮೋಡ್’ ಎಂದಿರುವ ಸಾಲು ಬಿಟ್ಟು, ಚಿಕ್ಕ ಸಂಖ್ಯೆಯದಕ್ಕೆ ಎಂಟರ್ ಒತ್ತಿ. ತೆರೆದರೆ ಮೊದಲ ಕೆಲಸ, ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲಿಸುವುದು.

ಕಾರಣ ಹುಡುಕುವುದು ಆಮೇಲೆ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿದ್ದರೆ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಆಗ ಕಾಣುವ ‘ಕರ್ನಲ್ ಪ್ಯಾನಿಕ್’ ಎಂಬ ಸಾಲು ಓದಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಎಷ್ಟೋ ಸಲ ಅದರರ್ಥ ಆರಂಭಕ್ಕೆ ಬೇಕಾದ ಒಂದು ಕಡತ ತಯಾರಾಗಿಲ್ಲ ಎಂದಷ್ಟೇ. ಟರ್ಮಿನಲ್‌ನಲ್ಲಿ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಉಳಿದ ಕೆಲಸ ಮುಂದುವರಿಯುತ್ತದೆ. ‘ಬೂಟ್’ ವಿಭಾಗದಲ್ಲಿ ಜಾಗ ತುಂಬಿದ್ದರೆ ‘ಸುಡೋ ಆಪ್ಟ್ ಆಟೋರಿಮೂವ್’ ಬೇಡದ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಯಂತ್ರ ತೆರೆದು ವೈಫೈ ಮಾತ್ರ ಮಾಯವಾಗಿದ್ದರೆ, ಅದರ ಡ್ರೈವರ್ ಹೊಸ ಕರ್ನಲ್‌ಗೆ ಹೊಂದಿಕೊಂಡಿಲ್ಲದಿರಬಹುದು; ಡ್ರೈವರ್ ಮತ್ತೆ ಹಾಕಿ.

ಹಳೆಯ ಕರ್ನಲ್ಲೂ ಏಳದಿದ್ದರೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಡಬೇಕು. ಆಗ ಅಂಗಡಿಗೆ ಒಯ್ಯಿರಿ, “ಮೊದಲು ಡೇಟಾ ತೆಗೆದುಕೊಡಿ, ಆಮೇಲೆ ಉಳಿದದ್ದು” ಎಂದು ಹೇಳಿಯೇ ಕೊಡಿ.

ಫೋನಿನ ವಿಷಯ? 2016ರ ಆಂಡ್ರಾಯ್ಡ್ 7ರಿಂದೀಚೆಗೆ ಅನೇಕ ಫೋನ್‌ಗಳಲ್ಲಿ ವ್ಯವಸ್ಥೆಗೆ ಎರಡು ಜಾಗಗಳಿವೆ. ಹೊಸದು ತೆರೆಯದಿದ್ದರೆ ಫೋನ್ ತಾನೇ ಹಳೆಯದಕ್ಕೆ ಮರಳುತ್ತದೆ.